ಓದುಗರ ಪ್ರಶ್ನೆ: ಕ್ಲಬ್ ಮುಳುಗುವಾಗ ಅಭಿಮಾನಿಗಳೇ ಮಾಲೀಕರಾದರೆ?

ಪ್ರಶ್ನೆ: 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಆಗ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು, ಇಂಗ್ಲೆಂಡಿನಲ್ಲಿ ಇಂಥ ಸ್ಥಿತಿ ಬಂದಾಗ ಅಭಿಮಾನಿಗಳೇ ಹಣ ಕೂಡಿಸಿ ಕ್ಲಬ್ ಕೊಂಡುಕೊಂಡಿದ್ದಾರೆ ಎಂದರು. ಕೋಟ್ಯಂತರ ಸಾಲವಿರುವ ಕ್ಲಬ್ಬನ್ನು ತಿಂಗಳ ಸಂಬಳದ ಜನ ಕೊಳ್ಳುವುದು ಹೇಗೆ ಸಾಧ್ಯ?
– ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಆದರೆ ಹೀಗೆ ಕೊಂಡವರಲ್ಲಿ ಹೆಚ್ಚಿನವರು ಕ್ಲಬ್ಬಿನ ಬೆಲೆ ನೆಲ ಕಚ್ಚಿದ ಮೇಲೆ ಕೊಂಡವರು. ಪೋರ್ಟ್ಸ್‌ಮತ್ ಕ್ಲಬ್ಬಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಏರಿಳಿತಗಳೆಲ್ಲವೂ ಅದರಲ್ಲಿವೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ನೌಕಾನೆಲೆಯ ಊರಿನ ತಂಡ 2008ರಲ್ಲಿ ಕಾರ್ಡಿಫ್ ಸಿಟಿಯನ್ನು 1–0ರಿಂದ ಸೋಲಿಸಿ, ದೇಶದ ಹೆಸರಾಂತ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತ್ತು. ಎರಡು ವರ್ಷ ತುಂಬುವ ಮೊದಲೇ, 2010ರ ಫೆಬ್ರುವರಿಯಲ್ಲಿ, ಅಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿದ್ದಾಗಲೇ ದಿವಾಳಿ ಆಡಳಿತಾಧಿಕಾರಿಯ ಕೈಗೆ ಸಿಕ್ಕಿದ ಮೊದಲ ಕ್ಲಬ್ ಎಂಬ ಅಪಕೀರ್ತಿ ಅದಕ್ಕೆ ಅಂಟಿಕೊಂಡಿತು. ಒಂದೇ ಋತುವಿನಲ್ಲಿ ನಾಲ್ವರು ಮಾಲೀಕರು ಬಂದುಹೋಗಿದ್ದರು. ಸಾಲ ಹನ್ನೊಂದು ಕೋಟಿ ಪೌಂಡನ್ನು ಮೀರಿತ್ತು. ಬಾಕಿ ಬರಬೇಕಾದವರ ಪಟ್ಟಿ ಬಹಿರಂಗವಾದಾಗ ಅದರಲ್ಲಿ ತೆರಿಗೆ ಇಲಾಖೆ, ಬೇರೆ ಕ್ಲಬ್ಬುಗಳು, ಆಟಗಾರರ ದಲ್ಲಾಳಿಗಳ ಜೊತೆಗೆ, ಪಂದ್ಯದ ದಿನ ಪ್ರಥಮ ಚಿಕಿತ್ಸೆಗೆ ನಿಲ್ಲುತ್ತಿದ್ದ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಹೆಸರೂ ಸ್ಥಳೀಯ ಸ್ಕೌಟ್ ಮಕ್ಕಳ ದಳವೊಂದರ ಹೆಸರೂ ಇದ್ದವು. ಇಂಗ್ಲಿಷ್ ಫುಟ್‌ಬಾಲಿನ ನಿಯಮದಂತೆ ಆಟಗಾರರಿಗೂ ಇತರ ಕ್ಲಬ್ಬುಗಳಿಗೂ ಬಾಕಿ ಪೂರ್ತಿಯಾಗಿ ಸಲ್ಲಬೇಕು. ಉಳಿದವರಿಗೆ ಪೌಂಡಿಗೆ ಇಷ್ಟು ಪೆನ್ಸ್ ಎಂದು ಹಂಚಿದರೆ ಸಾಕು. ಹಾಗಾಗಿ ಕ್ಲಬ್ ಬಿದ್ದಾಗ ಅದರ ಪೆಟ್ಟು ಮೊದಲು ತಗಲುವುದು ಊರಿನ ಚಿಕ್ಕ ಅಂಗಡಿಕಾರರಿಗೆ, ಸೇವಾ ಸಂಸ್ಥೆಗಳಿಗೆ. ಈ ನಿಯಮದ ಅನ್ಯಾಯದ ಬಗ್ಗೆ ಅಲ್ಲಿ ಇಂದಿಗೂ ತಕರಾರಿದೆ, ಇರಬೇಕಾದದ್ದೂ ಹೌದು.

2012ರ ಫೆಬ್ರುವರಿಯಲ್ಲಿ ಎರಡನೆಯ ಬಾರಿ ಅದೇ ಗತಿ ಬಂದಾಗ ಪಾಂಪಿ ಸಪೋರ್ಟರ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘ ಒಂದು ಷೇರಿಗೆ 1,000 ಪೌಂಡ್ ಎಂದು ಬೆಲೆ ಕಟ್ಟಿ ಹಣ ಎತ್ತಲು ನಿಂತಿತು. ಅಷ್ಟು ಹಣ ಒಬ್ಬರಿಗೆ ಹೊರೆಯಾದಾಗ ಹಲವರು ಸೇರಿ ಒಂದು ಷೇರು ಕೊಂಡರು. ಎರಡು ಸಾವಿರಕ್ಕೂ ಹೆಚ್ಚು ಜನ ಹೀಗೆ ಪಾಲುದಾರರಾದರು. ಅದೂ ಸಾಲಲಿಲ್ಲ ಎಂಬುದನ್ನು ಮುಚ್ಚಿಡಬಾರದು: ಕೆಲವು ಸ್ಥಿತಿವಂತ ಅಭಿಮಾನಿಗಳು ತಲಾ ಹತ್ತಾರು ಸಾವಿರ ಪೌಂಡ್ ಹಾಕಿದರು, ನಗರಸಭೆ 14.5 ಲಕ್ಷ ಪೌಂಡ್ ಸಾಲ ಕೊಟ್ಟಿತು. ಕ್ರೀಡಾಂಗಣವಾದ ಫ್ರಾಟನ್ ಪಾರ್ಕ್ ಹಿಂದಿನ ಮಾಲೀಕರೊಬ್ಬರ ಕಂಪನಿಗೆ ಅಡಮಾನವಾಗಿತ್ತು. ಅದನ್ನು ಬಿಡಿಸಿಕೊಳ್ಳುವ ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲು ಹತ್ತಿ, 2013ರ ಏಪ್ರಿಲ್‌ನಲ್ಲಿ ರಾಜಿಯಾಗಿ ಮುಗಿಯಿತು. ಅಷ್ಟರಲ್ಲಿ ತಂಡ ನಾಲ್ಕನೆಯ ದರ್ಜೆಗೆ ಜಾರಿತ್ತು. ಒಂದೂವರೆ ವರ್ಷದೊಳಗೆ ಹೊಸ ಮಾಲೀಕರು ಹಳೆಯ ಸಾಲವನ್ನೆಲ್ಲ ತೀರಿಸಿದರು. 2017ರಲ್ಲಿ ತಂಡ ಆ ದರ್ಜೆಯ ಚಾಂಪಿಯನ್ ಆಯಿತು.

ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ನಾಲ್ಕು ಜನ ನಿರ್ದೇಶಕರು ಒಮ್ಮತಕ್ಕೆ ಬರುವುದೇ ಕಷ್ಟ. ಸಾವಿರಾರು ಮಾಲೀಕರಿದ್ದರೆ ಯಾರನ್ನು ಆಡಿಸಬೇಕು, ಯಾರನ್ನು ಮಾರಬೇಕು ಎಂಬುದನ್ನು ತೀರ್ಮಾನಿಸುವವರು ಯಾರು?
– ಓದುಗರು, ಗದಗ

ಉತ್ತರ: ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ, 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ನಿಮ್ಮ ಜಿಲ್ಲೆಯದೇ ಆದ್ದರಿಂದ ಉತ್ತರ ನಿಮಗೆ ಬೇಗ ಮನದಟ್ಟಾದೀತು. ಇಂಗ್ಲೆಂಡಿನ ಬಹುಪಾಲು ಅಭಿಮಾನಿ ಟ್ರಸ್ಟುಗಳು, ಹೆಸರಿನಲ್ಲಿ ಟ್ರಸ್ಟ್ ಎಂದಿದ್ದರೂ, ಕಾನೂನಿನಲ್ಲಿ ಸಹಕಾರ ಸಂಘದ ಒಡಹುಟ್ಟುಗಳೇ. ಹತ್ತು ಪೌಂಡ್ ಕೊಟ್ಟವರಿಗೂ ಹತ್ತು ಸಾವಿರ ಕೊಟ್ಟವರಿಗೂ ಒಂದೇ ಮತ. ಸದಸ್ಯರು ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ಸಂಘವು ಕ್ಲಬ್ ಕಂಪನಿಯ ಷೇರುಗಳನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಕಂಪನಿ ಒಬ್ಬ ಮುಖ್ಯ ಕಾರ್ಯನಿರ್ವಾಹಕರನ್ನೂ ಒಬ್ಬ ಮ್ಯಾನೇಜರರನ್ನೂ ನೇಮಿಸುತ್ತದೆ. ತಂಡವನ್ನು ಆರಿಸುವವರು ಮ್ಯಾನೇಜರ್. ಸದಸ್ಯರ ಮತಕ್ಕೆ ಬರುವುದು ಕ್ರೀಡಾಂಗಣದ ಮಾರಾಟ, ಬಹುಮತದ ಷೇರುಗಳ ವರ್ಗಾವಣೆ, ಹೆಸರು, ಬಣ್ಣಗಳಂಥ ದೊಡ್ಡ ಸಂಗತಿಗಳು ಮಾತ್ರ.

ಇದಕ್ಕೆ ವಿರುದ್ಧವಾದ ಒಂದು ಪ್ರಯೋಗವೂ ನಡೆದಿದೆ. 2008ರಲ್ಲಿ ಒಂದು ಅಂತರಜಾಲ ಗುಂಪು ಸದಸ್ಯರಿಂದ ತಲಾ 35 ಪೌಂಡ್ ಎತ್ತಿ ಎಬ್ಸ್‌ಫ್ಲೀಟ್ ಯುನೈಟೆಡ್ ಎಂಬ ಸಣ್ಣ ಕ್ಲಬ್ಬಿನ ಬಹುಪಾಲು ಷೇರುಗಳನ್ನು ಕೊಂಡಿತು. ಜಗತ್ತಿನ ನಾನಾ ದೇಶಗಳ ಸುಮಾರು 30,000 ಜನ ಸೇರಿದರು. ತಂಡದ ಆಯ್ಕೆಗೂ ಸದಸ್ಯರೇ ಮತ ಹಾಕುವರೆಂಬುದು ದೊಡ್ಡ ಆಕರ್ಷಣೆಯಾಗಿತ್ತು. ಅದೇ ವರ್ಷ ತಂಡ ಕೆಳ ದರ್ಜೆಯ ಕ್ಲಬ್ಬುಗಳ ಟೂರ್ನಿಯಾದ ಎಫ್‌ಎ ಟ್ರೋಫಿ ಗೆದ್ದಾಗ ಎಲ್ಲರೂ ಬೀಗಿದರು. ವರ್ಷದ ಚಂದಾ ಮತ್ತೆ ಕಟ್ಟುವ ದಿನ ಬಂದಾಗ ಹೆಚ್ಚಿನವರು ಕಾಣೆಯಾದರು. ಸದಸ್ಯರ ಸಂಖ್ಯೆ ಕರಗುತ್ತ ಹೋಗಿ 2013ರಲ್ಲಿ ಆ ಗುಂಪು ಕ್ಲಬ್ಬನ್ನೇ ಬಿಟ್ಟುಕೊಟ್ಟಿತು. ಮಳೆಯಲ್ಲಿ ನಿಂತು ಪಂದ್ಯ ನೋಡುವ ಊರಿನ ಜನಕ್ಕೂ ಕಂಪ್ಯೂಟರಿನ ಮುಂದೆ ಕುಳಿತು ಮಾಲೀಕರಾದವರಿಗೂ ಇರುವ ಅಂತರ ಅಲ್ಲಿ ಬಯಲಾಯಿತು.

ಸರಿಯಾಗಿ ನಡೆದದ್ದು ಹೇಗಿರುತ್ತದೆ ಎಂಬುದಕ್ಕೆ ಎಕ್ಸಿಟರ್ ಸಿಟಿಯನ್ನು ನೋಡಬೇಕು. 2003ರಲ್ಲಿ ತಂಡ ಮೇಲಿನ ನಾಲ್ಕು ದರ್ಜೆಗಳ ಫುಟ್‌ಬಾಲ್ ಲೀಗಿನಿಂದಲೇ ಹೊರಬಿದ್ದು, ಹಿಂದಿನ ಪದಾಧಿಕಾರಿಗಳು ವಂಚನೆಯ ಆರೋಪದಲ್ಲಿ ಸಿಕ್ಕಿಬಿದ್ದಾಗ, ಅಭಿಮಾನಿಗಳ ಟ್ರಸ್ಟ್ ಕ್ಲಬ್ಬಿನ ಬೀಗದಕೈ ಹಿಡಿಯಿತು. 2005ರ ಜನವರಿಯಲ್ಲಿ ಅದೃಷ್ಟವೂ ಕೈಗೂಡಿತು: ಎಫ್‌ಎ ಕಪ್ಪಿನ ಚೀಟಿ ಎತ್ತಿದಾಗ ಎದುರಾಳಿಯಾಗಿ ಮ್ಯಾಂಚೆಸ್ಟರ್ ಯುನೈಟೆಡ್ ಬಂದಿತು. ಓಲ್ಡ್ ಟ್ರಾಫರ್ಡಿನಲ್ಲಿ ಪಂದ್ಯ 0–0 ಸಮವಾಗಿ, ಮರುಪಂದ್ಯ ಎಕ್ಸಿಟರಿನಲ್ಲಿ ನಡೆಯಿತು. ಅಲ್ಲಿ 0–2ರಿಂದ ಸೋತರೂ ಎರಡು ಪಂದ್ಯಗಳ ಟಿಕೆಟ್ ಮತ್ತು ಟಿವಿ ಹಣ ಸಾಲದ ಹೊರೆಯನ್ನು ಬಹುಮಟ್ಟಿಗೆ ಇಳಿಸಿತು. ಇದನ್ನು ಅದೃಷ್ಟವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಅಂಥ ಹಣ ಬಂದಾಗ ದುಬಾರಿ ಆಟಗಾರನನ್ನು ತಂದು ಮೆರೆಯದೆ ಸಾಲ ತೀರಿಸಿದ್ದು ಅದೃಷ್ಟವಲ್ಲ. ಆ ಬಳಿಕ ಕ್ಲಬ್ ತನ್ನ ಅಕಾಡೆಮಿಯನ್ನೇ ನೆಚ್ಚಿಕೊಂಡಿತು. ಅಲ್ಲಿ ಬೆಳೆದ ಓಲಿ ವಾಟ್ಕಿನ್ಸ್ 2017ರಲ್ಲಿ ಬ್ರೆಂಟ್‌ಫರ್ಡ್‌ಗೆ ಹೋದಾಗಲೂ, 2020ರಲ್ಲಿ ಅಲ್ಲಿಂದ ಆಸ್ಟನ್ ವಿಲಾಕ್ಕೆ ಹೋದಾಗಲೂ ಎಕ್ಸಿಟರಿಗೆ ಪಾಲು ಬಂದಿತು, ಏಕೆಂದರೆ ಮರುಮಾರಾಟದಲ್ಲಿ ಇಂತಿಷ್ಟು ಭಾಗ ತಮಗೆ ಎಂದು ಕರಾರಿನಲ್ಲಿ ಮೊದಲೇ ಬರೆಸಿಕೊಂಡಿದ್ದರು.

ಪ್ರಶ್ನೆ: ಉಳಿಸಿಕೊಳ್ಳಲು ಕ್ಲಬ್ಬೇ ಇಲ್ಲದಿದ್ದರೆ? ಮಾಲೀಕರು ತಂಡವನ್ನೇ ಬೇರೆ ಊರಿಗೆ ಎತ್ತಿಕೊಂಡು ಹೋದರೆ ಅಭಿಮಾನಿಗಳು ಏನು ಮಾಡಲು ಸಾಧ್ಯ?
– ಓದುಗರು, ಮೈಸೂರು

ಉತ್ತರ: ಅದೇ ಆಯಿತು ವಿಂಬಲ್ಡನ್ ಎಫ್‌ಸಿಗೆ. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದ ಕ್ಲಬ್ 1991ರಲ್ಲಿ ತನ್ನ ಪ್ಲೌ ಲೇನ್ ಮೈದಾನವನ್ನು ತೊರೆದು ಬೇರೊಂದು ಕ್ಲಬ್ಬಿನ ಅಂಗಳದಲ್ಲಿ ಬಾಡಿಗೆಗೆ ನೆಲೆಸಿತು. ಹಳೆಯ ಜಾಗ ಕೊನೆಗೆ ಸೂಪರ್‌ಮಾರ್ಕೆಟ್ ಕಂಪನಿಯೊಂದಕ್ಕೆ ಮಾರಾಟವಾಯಿತು. ನೆಲ ಕಳೆದುಕೊಂಡ ಕ್ಲಬ್ಬನ್ನು ಎಲ್ಲಿಗಾದರೂ ಸಾಗಿಸಬಹುದು. 2002ರ ಮೇ 28ರಂದು ಫುಟ್‌ಬಾಲ್ ಸಂಸ್ಥೆ ನೇಮಿಸಿದ ಮೂವರ ಆಯೋಗ, ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ತಂಡ ಹೋಗಬಹುದೆಂದು ತೀರ್ಪು ಕೊಟ್ಟಿತು. ಅಭಿಮಾನಿಗಳು ಹೊಸ ಕ್ಲಬ್ ಕಟ್ಟುವುದು ಆಟದ ವಿಶಾಲ ಹಿತಕ್ಕೆ ಪೂರಕವಲ್ಲ ಎಂಬ ಧಾಟಿಯ ಮಾತೂ ಅದರ ವರದಿಯಲ್ಲಿತ್ತು.

ಅಭಿಮಾನಿಗಳು ಒಂದೇ ತಿಂಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಆಟಗಾರರು ಬೇಕಲ್ಲ? ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ, ಯಾರು ಬೇಕಾದರೂ ಬಂದು ಆಡಿ ತೋರಿಸಬಹುದೆಂದು ಸಾರಿದರು. ಬೂಟು ಕಟ್ಟಿಕೊಂಡು ಬಂದವರು ಸುಮಾರು 230 ಜನ. ಅವರಲ್ಲಿ ಆರಿಸಿದವರನ್ನು ಕಟ್ಟಿಕೊಂಡು ಒಂಬತ್ತನೆಯ ದರ್ಜೆಯ ಲೀಗಿನಲ್ಲಿ ಆಟ ಶುರುವಾಯಿತು. ಊರ ಹೊರಗಿನ ಸಣ್ಣ ಮೈದಾನಗಳಲ್ಲಿ ನೂರಿನ್ನೂರು ಜನ ಕಂಡರೆ ಹೆಚ್ಚು ಎನ್ನುವ ಆ ಲೀಗಿನಲ್ಲಿ ಇವರ ತವರಿನ ಪಂದ್ಯಗಳಿಗೆ ಸರಾಸರಿ ಮೂರು ಸಾವಿರ ಜನ ಬಂದರು. ಒಂಬತ್ತೇ ವರ್ಷಗಳಲ್ಲಿ, 2011ರಲ್ಲಿ, ಲೂಟನ್ ಟೌನನ್ನು ಪೆನಾಲ್ಟಿ ಕಿಕ್‌ಗಳಲ್ಲಿ ಸೋಲಿಸಿ ಫುಟ್‌ಬಾಲ್ ಲೀಗಿಗೆ ಮರಳಿದರು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಅವರು ಪ್ಲೌ ಲೇನಿಗೆ ಮರಳಿದ ರೀತಿ. ಹಳೆಯ ಜಾಗದ ಮಗ್ಗುಲಲ್ಲೇ ಹೊಸ ಕ್ರೀಡಾಂಗಣ ಏಳುತ್ತಿದ್ದಾಗ, 2019ರ ಕೊನೆಯಲ್ಲಿ, ಹಣ ಕೈಕೊಟ್ಟಿತು. ಹೊರಗಿನ ಹೂಡಿಕೆದಾರರಿಗೆ ದೊಡ್ಡ ಪಾಲು ಮಾರಿದರೆ ಕೆಲಸ ಮುಗಿಯುತ್ತದೆ, ಆದರೆ ಹಿಡಿತ ಸಡಿಲವಾಗುತ್ತದೆ ಎಂಬ ಇಕ್ಕಟ್ಟು. ಆಗ ಸದಸ್ಯರು ತಾವೇ ಕ್ಲಬ್ಬಿಗೆ ಸಾಲ ಕೊಡುವ ಬಾಂಡ್ ಹೊರಡಿಸಿದರು. ಸಾಲ ಕೊಟ್ಟವರು ತಮಗೆ ಬೇಕಾದ ಬಡ್ಡಿಯನ್ನು ಸೊನ್ನೆಯಿಂದ ಶೇಕಡ ನಾಲ್ಕರೊಳಗೆ ತಾವೇ ಬರೆದುಕೊಳ್ಳಬಹುದಿತ್ತು. ಕೆಲವೇ ವಾರಗಳಲ್ಲಿ 50 ಲಕ್ಷ ಪೌಂಡಿಗೂ ಹೆಚ್ಚು ಸೇರಿತು. 2020ರ ನವೆಂಬರ್‌ನಲ್ಲಿ ತಂಡ ಊರಿಗೆ ಮರಳಿ ಮೊದಲ ಪಂದ್ಯ ಆಡಿದಾಗ, ಕೋವಿಡ್ ನಿರ್ಬಂಧದ ಕಾರಣ, ಆ ಹಣ ಕೊಟ್ಟವರು ಮನೆಯಲ್ಲಿ ಕುಳಿತು ನೋಡಬೇಕಾಯಿತು.

ಪ್ರಶ್ನೆ: ಪೋರ್ಟ್ಸ್‌ಮತ್, ರೆಕ್ಸಮ್ ಎರಡನ್ನೂ ಅಭಿಮಾನಿಗಳು ಕೊನೆಗೆ ಅಮೆರಿಕದ ಸಿರಿವಂತರಿಗೇ ಮಾರಿದರಲ್ಲವೇ? ಹಾಗಾದರೆ ಸಮುದಾಯದ ಮಾಲೀಕತ್ವ ಎಂಬುದು ಮುಂದಿನ ಕುಬೇರ ಬರುವ ತನಕ ಕಾಯುವ ತಂಗುದಾಣ ಎಂದಷ್ಟೇ ಹೇಳಬೇಕಲ್ಲವೇ?
– ಓದುಗರು, ಮಂಗಳೂರು

ಉತ್ತರ: ಪ್ರಶ್ನೆಯಲ್ಲಿ ಹುರುಳಿದೆ. ಪೋರ್ಟ್ಸ್‌ಮತ್ತನ್ನು 2017ರಲ್ಲಿ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಅವರ ಕಂಪನಿ 56.7 ಲಕ್ಷ ಪೌಂಡಿಗೆ ಕೊಂಡಿತು. ಮತ ಹಾಕಿದ ಪಾಲುದಾರರಲ್ಲಿ ಶೇಕಡ 80ರಷ್ಟು ಜನ ಒಪ್ಪಿದ್ದರು. 2011ರಿಂದ ಅಭಿಮಾನಿಗಳ ಟ್ರಸ್ಟ್ ನಡೆಸುತ್ತಿದ್ದ ವೇಲ್ಸಿನ ರೆಕ್ಸಮ್ ಕ್ಲಬ್ಬನ್ನು ನಟರಾದ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮೆಕೆಲ್ಹೆನಿ ಕೇಳಿದಾಗ, 2020ರ ನವೆಂಬರ್‌ನ ಮತದಾನದಲ್ಲಿ ಶೇಕಡ 98ಕ್ಕೂ ಹೆಚ್ಚು ಮಂದಿ ಹೌದೆಂದರು. ಮೇಲಿನ ದರ್ಜೆಗೆ ಏರಲು ಬೇಕಾದ ಹಣ ಚಂದಾದಿಂದ ಹುಟ್ಟುವುದಿಲ್ಲ ಎಂಬ ಅರಿವು ಆ ಮತಗಳ ಹಿಂದೆ ಇತ್ತು. ಆದರೂ ಇವನ್ನು ಸೋಲು ಎನ್ನಲಾರೆ. ಕೈಯೊಡ್ಡುವ ಸ್ಥಿತಿಯಲ್ಲಿ ಮಾರುವುದೂ, ಸಾಲ ತೀರಿಸಿ, ಬಂದವರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ, ಮತ ಹಾಕಿ ಮಾರುವುದೂ ಒಂದೇ ಅಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. 1862ರಷ್ಟು ಹಳೆಯದಾದ ನಾಟ್ಸ್ ಕೌಂಟಿ ಕ್ಲಬ್ಬಿನ ಬಹುಮತ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿತ್ತು. 2009ರಲ್ಲಿ ಮುಂಟೊ ಫೈನಾನ್ಸ್ ಎಂಬ ಕಂಪನಿ ಬಂದು, ಕೊಲ್ಲಿ ದೇಶಗಳ ಅಪಾರ ಹಣ ತನ್ನ ಬೆನ್ನಿಗಿದೆ ಎಂದಿತು. ಸದಸ್ಯರು ಮತ ಹಾಕಿ ಷೇರುಗಳನ್ನು ಬಿಟ್ಟುಕೊಟ್ಟರು. ಇಂಗ್ಲೆಂಡ್ ತಂಡದ ಮಾಜಿ ಕೋಚ್ ಸ್ವೆನ್ ಯೋರಾನ್ ಎರಿಕ್ಸನ್ ಅವರನ್ನು ಕರೆತಂದಾಗ ಊರೇ ನಂಬಿತು. ಹಣ ಬರಲೇ ಇಲ್ಲ. ಕೆಲವೇ ತಿಂಗಳಲ್ಲಿ ಕ್ಲಬ್ ಒಂದು ಪೌಂಡಿಗೆ ಕೈ ಬದಲಾಯಿಸಿತು, ಮತ್ತೆರಡು ತಿಂಗಳಲ್ಲಿ ಇನ್ನೊಮ್ಮೆ. ಸ್ವಾನ್ಸಿ ಸಿಟಿಯ ಕಥೆ ಇನ್ನೊಂದು ಬಗೆಯದು: ಅಲ್ಲಿ ಟ್ರಸ್ಟಿಗೆ ಸುಮಾರು ಐದನೆಯ ಒಂದು ಪಾಲಿತ್ತು, ಆಡಳಿತ ಮಂಡಳಿಯಲ್ಲಿ ಕುರ್ಚಿಯೂ ಇತ್ತು, ಪ್ರೀಮಿಯರ್ ಲೀಗಿನ ವೈಭವದ ದಿನಗಳಲ್ಲಿ ಎಲ್ಲರೂ ಅದನ್ನು ಮಾದರಿ ಎಂದು ಹೊಗಳಿದರು. 2016ರಲ್ಲಿ ಉಳಿದ ಪಾಲುದಾರರು ಟ್ರಸ್ಟನ್ನು ಮಾತುಕತೆಯಿಂದ ಹೊರಗಿಟ್ಟು ಅಮೆರಿಕದ ಹೂಡಿಕೆದಾರರಿಗೆ ಬಹುಮತವನ್ನು ಮಾರಿದರು. ಅಲ್ಪಸಂಖ್ಯೆಯ ಪಾಲಿಗೆ, ಮಾರಾಟ ತಡೆಯುವ ಅಧಿಕಾರವನ್ನು ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ, ಹೊಗಳಿಕೆಯಷ್ಟೇ ಲಾಭ.

ಸ್ಕಾಟ್ಲೆಂಡಿನ ಹಾರ್ಟ್ಸ್ ಕ್ಲಬ್ ಕಂಡುಕೊಂಡ ದಾರಿ ನನಗೆ ಹೆಚ್ಚು ಒಪ್ಪಿಗೆ. 2013ರಲ್ಲಿ ದಿವಾಳಿಯಾದಾಗ ಉದ್ಯಮಿ ಆನ್ ಬಜ್ ತಮ್ಮ ಹಣ ಹಾಕಿ ಕ್ಲಬ್ಬನ್ನು ಕೊಂಡು, ಅಭಿಮಾನಿಗಳ ಫೌಂಡೇಶನ್ ಕಂತಿನಲ್ಲಿ ತೀರಿಸಿದ ಮೇಲೆ ಬಿಟ್ಟುಕೊಡುವ ಕರಾರು ಮಾಡಿಕೊಂಡರು. ಸುಮಾರು ಎಂಟು ಸಾವಿರ ಜನರ ಬ್ಯಾಂಕ್ ಖಾತೆಗಳಿಂದ ತಿಂಗಳು ತಿಂಗಳೂ ಹಣ ಹೋಗುತ್ತಿತ್ತು. 2021ರ ಆಗಸ್ಟ್‌ನಲ್ಲಿ ಶೇಕಡ 75.1 ಷೇರುಗಳು ಅವರ ಕೈಸೇರಿದವು. 2025ರಲ್ಲಿ ಬ್ರೈಟನ್ ಕ್ಲಬ್ಬಿನ ಮಾಲೀಕ ಟೋನಿ ಬ್ಲೂಮ್ ಸುಮಾರು 98.6 ಲಕ್ಷ ಪೌಂಡ್ ಹೂಡಲು ಬಂದಾಗ ಸದಸ್ಯರು ಅವರಿಗೆ ಶೇಕಡ 29 ಷೇರು ಕೊಟ್ಟರು, ಆದರೆ ಮತದ ಹಕ್ಕಿಲ್ಲದ ಷೇರು. ಹಣವೂ ಬಂತು, ಬೀಗದಕೈ ಇದ್ದಲ್ಲೇ ಉಳಿಯಿತು.

ಪ್ರಶ್ನೆ: ಬಾರ್ಸಿಲೋನಾ ಸದಸ್ಯರದೇ ಕ್ಲಬ್ ಎನ್ನುತ್ತಾರೆ. ಅದಕ್ಕೇಕೆ ಅಷ್ಟು ಸಾಲ?
– ಓದುಗರು, ಶಿವಮೊಗ್ಗ

ಉತ್ತರ: ಅಧ್ಯಕ್ಷರಾಗಲು ಚುನಾವಣೆ ಗೆಲ್ಲಬೇಕು, ಗೆಲ್ಲಲು ದೊಡ್ಡ ಆಟಗಾರರನ್ನು ತರುವ ಭರವಸೆ ಕೊಡಬೇಕು, ಬಿಲ್ಲು ಮುಂದಿನ ಮಂಡಳಿಯ ತಲೆಗೆ. 2021ರ ಹೊತ್ತಿಗೆ ಆ ಕ್ಲಬ್ಬಿನ ಸಾಲ ನೂರು ಕೋಟಿ ಯೂರೋ ದಾಟಿತ್ತು. ಸದಸ್ಯರ ಒಡೆತನ ಇದ್ದ ಮಾತ್ರಕ್ಕೆ ಲೆಕ್ಕ ಶುದ್ಧವಾಗುವುದಿಲ್ಲ; ಚುನಾವಣೆ ನಡೆಯುವ ಯಾವ ಸಂಘದಲ್ಲೂ ಇದನ್ನು ಕಾಣಬಹುದು. ಜರ್ಮನಿಯಲ್ಲಿ ಸದಸ್ಯರ ಸಂಘವು ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಹೊಂದಿರಬೇಕೆಂಬ 50+1 ನಿಯಮದ ಜೊತೆಗೆ, ಪ್ರತಿ ಋತುವಿಗೂ ಹಣಕಾಸು ತಪಾಸಣೆ ಮಾಡಿ ಪರವಾನಗಿ ಕೊಡುವ ಪದ್ಧತಿಯಿದೆ. ಎರಡೂ ಜೊತೆಗಿರುವುದರಿಂದ ಅಲ್ಲಿ ಸ್ಥಿತಿ ವಾಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಇದನ್ನು ಮಾಡಬಹುದೇ? ವೆಸ್ಟ್ ಬ್ಲಾಕ್ ಬ್ಲೂಸ್‌ನಂಥ ಅಭಿಮಾನಿ ಬಳಗ ಇದ್ದೇ ಇದೆಯಲ್ಲ.
– ಓದುಗರು, ಹಲಸೂರು, ಬೆಂಗಳೂರು

ಉತ್ತರ: ಬೆಂಗಳೂರು ಎಫ್‌ಸಿಯ ಮಟ್ಟಿಗೆ ಹೇಳುವುದಾದರೆ, ಸದ್ಯಕ್ಕೆ ಕಷ್ಟ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಹುಟ್ಟುಹಾಕಿದ ಈ ಕ್ಲಬ್ ಆಡುವುದು ಸರ್ಕಾರದ ಕಂಠೀರವ ಕ್ರೀಡಾಂಗಣದಲ್ಲಿ. ಕೊಳ್ಳಲು ಅದಕ್ಕೆ ಸ್ವಂತದ ಮೈದಾನವಿಲ್ಲ. ಇಂಡಿಯನ್ ಸೂಪರ್ ಲೀಗಿನಲ್ಲಿ ಅದರ ಸ್ಥಾನವೂ ಹಣ ತೆತ್ತು ಪಡೆದ ಫ್ರಾಂಚೈಸಿ. ಇಂಗ್ಲೆಂಡಿನಲ್ಲಿ ಕ್ಲಬ್ ಬಿದ್ದರೂ ಒಂಬತ್ತನೆಯ ದರ್ಜೆಯಿಂದ ಏಣಿ ಹತ್ತಲು ಅವಕಾಶವಿದೆ, ಇಲ್ಲಿ ಆ ಏಣಿಯ ಮೇಲಿನ ಮೆಟ್ಟಿಲುಗಳು ಇನ್ನೂ ಗಟ್ಟಿಯಾಗಿಲ್ಲ. 2025ರಲ್ಲಿ ಸಂಬಳ ನಿಂತದ್ದಕ್ಕೂ ಕಾರಣ ಕ್ಲಬ್ಬಿನ ದಿವಾಳಿಯಲ್ಲ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ನಡುವಿನ ಹಕ್ಕಿನ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯಲಿದ್ದು, ಮುಂದೇನೆಂದು ಯಾರಿಗೂ ಖಚಿತವಿರಲಿಲ್ಲ. ಅಂಥ ಬಿಕ್ಕಟ್ಟನ್ನು ಚಂದಾ ಎತ್ತಿ ಪರಿಹರಿಸಲಾಗದು.

ಆದರೆ ನಿಮ್ಮ ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಫುಟ್‌ಬಾಲಿಗೆ ಮಾಲೀಕ ಎಂಬ ಪದವೇ ಹೊಸದು. 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಹಿಂದೆ ಯಾವ ಉದ್ಯಮ ಸಮೂಹವೂ ಇರಲಿಲ್ಲ. ಇಂದಿಗೂ ನಗರದ ಡಿವಿಷನ್ ಲೀಗುಗಳಲ್ಲಿ ಆಡುವ ಹಲವು ತಂಡಗಳು ಬೀದಿಯ ಹಿರಿಯರು, ಮಾಜಿ ಆಟಗಾರರು ಕೈಯಿಂದ ಹಾಕಿ ನಡೆಸುವಂಥವು. ನೀವು ಕೆಲಸ ಶುರು ಮಾಡುವುದಾದರೆ ಇಂಥ ಒಂದು ತಂಡದಿಂದಲೇ ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘವಾಗಿ ನೋಂದಾಯಿಸಿ, ಒಬ್ಬರಿಗೆ ಒಂದೇ ಮತ ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಲೆಕ್ಕಪತ್ರವನ್ನು ಪ್ರತಿ ವರ್ಷ ಸರ್ವಸದಸ್ಯರ ಸಭೆಯ ಮುಂದಿಡಿ. ಚಂದಾ ಬಡ ಆಟಗಾರರ ಮನೆಯವರಿಗೂ ಎಟಕುವಷ್ಟಿರಲಿ. ಅಭ್ಯಾಸ ಮಾಡುವ ಬಯಲು ಪಾಲಿಕೆಯದೋ, ಶಾಲೆಯದೋ, ಚರ್ಚಿನದೋ ಆಗಿದ್ದರೆ, ಬಾಯಿಮಾತಿನ ಅನುಮತಿಯನ್ನು ನಂಬಿಕೊಂಡಿರದೆ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳಿ. ಪ್ರಾಯೋಜಕರು ಬಂದಾಗ ಹಣ ಪಡೆಯಿರಿ, ಅಂಗಿಯ ಮೇಲೆ ಅವರ ಹೆಸರು ಹಾಕಿಸಿ, ಮತವನ್ನು ಮಾತ್ರ ಕೊಡಬೇಡಿ. ನಿಯಮಾವಳಿಯ ಕರಡು ಸಿದ್ಧವಾದ ಮೇಲೆ, ಕ್ಲಬ್ಬಿನ ಹೆಸರು, ಬಣ್ಣ ಮತ್ತು ಮೈದಾನದ ಹಕ್ಕನ್ನು ಬದಲಿಸಲು ಸದಸ್ಯರಲ್ಲಿ ಎಷ್ಟು ಪಾಲು ಜನ ಒಪ್ಪಬೇಕೆಂಬ ಕಲಮನ್ನು ವಕೀಲರೊಬ್ಬರಿಗೆ ತೋರಿಸಿಯೇ ನೋಂದಣಿಗೆ ಹೋಗಿ.